ಹಳೆ ಬೈಕ್ ಟ್ಯೂನಿಂಗ್: ಕಾರ್ಬುರೇಟರ್ ಬಿಚ್ಚುವ ಮೊದಲು ಪಾಯಿಂಟ್ ನೋಡಿ

ಹಳೆ ಬೈಕ್ ಸರಿಯಾಗಿ ಸ್ಟಾರ್ಟ್ ಆಗದಿದ್ದರೆ ಎಲ್ಲರೂ ಮೊದಲು ಬಿಚ್ಚುವುದು ಕಾರ್ಬುರೇಟರ್ ಅಲ್ವಾ? ಸ್ವಲ್ಪ ತಾಳಿ. ಮೊದಲು ಸಿಬಿ ಪಾಯಿಂಟ್ (ಕಾಂಟ್ಯಾಕ್ಟ್ ಬ್ರೇಕರ್, ಅಂದರೆ ತೆರೆದು ಮುಚ್ಚಿ ಪ್ಲಗ್‌ಗೆ ಕಿಡಿ ಕೊಡಿಸುವ ಸ್ವಿಚ್) ನೋಡಿ. ಪಾಯಿಂಟ್ ಪೂರ್ತಿ ತೆರೆಯುವವರೆಗೆ ಇಂಜಿನ್ ಕೈಯಲ್ಲಿ ತಿರುಗಿಸಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಬ್ಲೇಡ್‌ಗಳ ಸೆಟ್) ಹಾಕಿ ಗ್ಯಾಪ್ ಅಳೆಯಿರಿ. ಬಹಳಷ್ಟು ಹಳೆ ಬೈಕ್‌ಗಳಲ್ಲಿ ಗ್ಯಾಪ್ 0.35ರಿಂದ 0.40 ಮಿ.ಮೀ. ಇರುತ್ತದೆ. ಆದರೂ ನಿಮ್ಮ ಮಾಡೆಲ್‌ನ ಮ್ಯಾನುವಲ್ ಹೇಳಿದ್ದೇ ಅಂತಿಮ. ಬ್ಲೇಡ್ ಸ್ವಲ್ಪವೇ ಹಿಡಿದು ಹಿಡಿದು ಜಾರಬೇಕು. ಬ್ಲೇಡ್‌ನ ಎಣ್ಣೆ ಪಾಯಿಂಟ್‌ಗೆ ತಾಗಿರುತ್ತೆ, ಒಣ ಕಾಗದದ ಚೂರು ನಡುವೆ ಇಟ್ಟು ಎಳೆದು ಒರೆಸಿ. ಗ್ಯಾಪ್ ಬದಲಾದರೆ ಟೈಮಿಂಗೂ (ಕಿಡಿ ಹಾರುವ ಕ್ಷಣ) ಬದಲಾಗುತ್ತದೆ. ಹಾಗಾಗಿ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ.

ಇನ್ನು ಕಾರ್ಬುರೇಟರ್. ಹಳೆ ಪೆಟ್ರೋಲ್‌ನ ಅಂಟು ಜಾಸ್ತಿ ಕಟ್ಟಿಕೊಳ್ಳುವುದು ಪೈಲಟ್ ಜೆಟ್‌ನ (ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಬಿಡುವ ಹಿತ್ತಾಳೆ ಬಿಡಿಭಾಗ) ಸಣ್ಣ ತೂತಿನಲ್ಲೇ. ಉಕ್ಕಿನ ತಂತಿ ಚುಚ್ಚಬೇಡಿ. ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾದರೆ ಜೆಟ್ ಕೆಟ್ಟಂತೆಯೇ. ಕ್ಲೀನರ್ ಸ್ಪ್ರೇ ಹೊಡೆದು, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಿ.

ಏರ್ ಸ್ಕ್ರೂ (ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಜೊತೆ ಸೇರುವ ಗಾಳಿ ಹೊಂದಿಸುವ ಸ್ಕ್ರೂ) ಮುಟ್ಟುವುದು ಇಂಜಿನ್ ಬಿಸಿಯಾದ ಮೇಲೆ ಮಾತ್ರ. ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ (ಬಿಗಿ ಮಾಡಬೇಡಿ, ತುದಿ ಹಾಳಾಗುತ್ತೆ), ಸುಮಾರು ಒಂದೂವರೆ ಸುತ್ತು ಹೊರಗೆ ತನ್ನಿ. ಅಲ್ಲಿಂದ ಕಾಲು ಸುತ್ತು ಆಚೆ ಈಚೆ ಮಾಡುತ್ತಾ ಇಂಜಿನ್ ಅತಿ ಜೋರಾಗಿ ಓಡುವ ಜಾಗ ಹುಡುಕಿ, ನಂತರ ಐಡ್ಲಿಂಗ್ ಸ್ಕ್ರೂನಿಂದ ಇಂಜಿನ್ ವೇಗ ಇಳಿಸಿ. ಇಂಜಿನ್ ಓಡಿಸಿ ಮಾಡುವ ಈ ಕೆಲಸಕ್ಕೆ ಬೈಕ್ ಹೊರಗೆ ತಳ್ಳಿಕೊಂಡು ಬನ್ನಿ. ಮುಚ್ಚಿದ ಗ್ಯಾರೇಜಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡರೆ ಗೊತ್ತೇ ಆಗುವುದಿಲ್ಲ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.