ಗಿಡಕ್ಕೆ ತಾನೇ ನೀರು ಬಿಡುವ ಯಂತ್ರ: ನಾಲ್ವರು ಮಕ್ಕಳು ಸೇರಿ ಕಟ್ಟುವುದು ಹೇಗೆ?

ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನದಲ್ಲಿ ‘ಸ್ವಯಂಚಾಲಿತ ನೀರಾವರಿ’ಯ ಮಾದರಿ ಒಂದಾದರೂ ಇದ್ದೇ ಇರುತ್ತದೆ. ಮೇಜಿನ ಹಿಂದೆ ನಾಲ್ವರು ಮಕ್ಕಳು. ಒಬ್ಬಳು ಬಾಯಿಪಾಠ ಒಪ್ಪಿಸುತ್ತಾಳೆ, ಮೂವರು ಸುಮ್ಮನೆ ನಿಂತಿರುತ್ತಾರೆ. ‘ಈ ತಂತಿ ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿದರೆ ನಾಲ್ವರೂ ಮೇಷ್ಟ್ರ ಮುಖ ನೋಡುತ್ತಾರೆ. ಮಾದರಿ ಓಡುತ್ತಿದೆ, ಮಕ್ಕಳು ಕಲಿತಿಲ್ಲ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಎಂಟನೇ ತರಗತಿಯಿಂದ ಮೇಲಿನ ಮಕ್ಕಳು ಅದೇ ಮಾದರಿಯನ್ನು ತಾವೇ ಕಟ್ಟಬಲ್ಲರು.

ಬೇಕಾಗುವುದು ಇಷ್ಟು: ಆರ್ಡುಯಿನೊ ಊನೊ ಬೋರ್ಡ್ (ನಾವು ಬರೆದ ಪ್ರೋಗ್ರಾಂ ಓಡಿಸುವ ಪುಟ್ಟ ಕಂಪ್ಯೂಟರ್ ಹಲಗೆ), ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ತಂತಿ ಚುಚ್ಚುವ ರಂಧ್ರಗಳ ಹಲಗೆ), ಮಣ್ಣಿನ ತೇವ ಅಳೆಯುವ ಸೆನ್ಸರ್, 5 ವೋಲ್ಟಿನ ರಿಲೇ ಮಾಡ್ಯೂಲ್ (ಬೋರ್ಡಿನ ಸಂಕೇತಕ್ಕೆ ಪಂಪನ್ನು ಚಾಲೂ, ಬಂದ್ ಮಾಡುವ ಸ್ವಿಚ್), 3ರಿಂದ 6 ವೋಲ್ಟಿನಲ್ಲಿ ಓಡುವ ಪುಟ್ಟ ಪಂಪು, ನಾಲ್ಕು ಎಎ ಸೆಲ್ ಹಿಡಿಯುವ ಡಬ್ಬಿ, ಜಂಪರ್ ತಂತಿಗಳು, ವೋಲ್ಟೇಜ್, ಕರೆಂಟು ಅಳೆಯುವ ಒಂದು ಮಲ್ಟಿಮೀಟರ್. ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ (ಸರ್ಕಾರದ ನೆರವಿನ ಪ್ರಯೋಗಶಾಲೆ) ಇದ್ದರೆ ಮೊದಲು ಅಲ್ಲಿನ ಬೀರು ತೆರೆದು ನೋಡಿ. ಇಲ್ಲದಿದ್ದರೆ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಎಲ್ಲವೂ ಬಿಡಿಯಾಗಿ ಸಿಗುತ್ತವೆ.

ಬೆಸುಗೆ ಹಾಕಿ ಸಿದ್ಧಪಡಿಸಿದ ‘ಪ್ರಾಜೆಕ್ಟ್ ಕಿಟ್’ ಮಾತ್ರ ಕೊಳ್ಳಬೇಡಿ. ಅದರಲ್ಲಿ ಮಕ್ಕಳಿಗೆ ಉಳಿಯುವ ಕೆಲಸ ಸ್ವಿಚ್ ಒತ್ತುವುದೊಂದೇ. ಎರಡು ಕಾಲಿನ ಅಗ್ಗದ ತೇವದ ಸೆನ್ಸರ್ ಕೂಡ ಬೇಡ. ಒದ್ದೆ ಮಣ್ಣಿನಲ್ಲಿ ಸದಾ ವಿದ್ಯುತ್ ಹರಿಯುವುದರಿಂದ ಅದರ ಲೋಹದ ಲೇಪ ಬೇಗನೆ ಸವೆದುಹೋಗುತ್ತದೆ. ಲೋಹ ಮಣ್ಣಿಗೆ ತಾಗದಂತೆ ಮುಚ್ಚಿರುವ ಕೆಪಾಸಿಟಿವ್ ಸೆನ್ಸರಿಗೆ ಆ ಕಾಟವಿಲ್ಲ. ಪಂಪಿಗೆ 9 ವೋಲ್ಟಿನ ಚೌಕಾಕಾರದ ಬ್ಯಾಟರಿಯನ್ನೂ ಹಾಕಬೇಡಿ, ಮೋಟಾರು ಕೇಳುವಷ್ಟು ಕರೆಂಟನ್ನು ಹೆಚ್ಚು ಹೊತ್ತು ಕೊಡುವ ತ್ರಾಣ ಅದಕ್ಕಿಲ್ಲ.

ತಂತಿ ಮುಟ್ಟುವ ಮೊದಲು ಕೆಲಸ ಹಂಚಿಕೊಳ್ಳಿ. ಒಬ್ಬರು ಕಾಗದದ ಮೇಲಿನ ಸರ್ಕ್ಯೂಟ್ ಚಿತ್ರವನ್ನು ಓದಿ ಹೇಳಲಿ, ಇನ್ನೊಬ್ಬರು ತಂತಿ ಚುಚ್ಚಲಿ, ಮೂರನೆಯವರು ಮಲ್ಟಿಮೀಟರಿನಲ್ಲಿ ಪರೀಕ್ಷಿಸಲಿ, ನಾಲ್ಕನೆಯವರು ಪ್ರೋಗ್ರಾಂ ಟೈಪ್ ಮಾಡಲಿ. ಪ್ರತಿ ಹಂತ ಮುಗಿದೊಡನೆ ಜಾಗ ಬದಲಾಗಲೇಬೇಕು. ‘ಅವನಿಗೆ ಕೋಡಿಂಗ್ ಚೆನ್ನಾಗಿ ಬರುತ್ತದೆ, ಅವನೇ ಮಾಡಲಿ’ ಎಂಬ ಮಾತಿಗೆ ಅವಕಾಶ ಕೊಡಬೇಡಿ. ತನ್ನ ಸರದಿಯಲ್ಲದವರು ಕೈ ಚಾಚದೆ, ಏನು ಮಾಡಬೇಕೆಂದು ಬಾಯಲ್ಲಿ ಹೇಳಬೇಕು. ಹಾಗೆ ಹೇಳಲು ಹೊರಟಾಗಲೇ ತನಗೆ ಎಷ್ಟು ತಿಳಿದಿದೆ ಎಂಬುದು ಮಗುವಿಗೆ ಗೊತ್ತಾಗುವುದು.

ಮೊದಲ ಹಂತ, ಬೋರ್ಡಿನ ಮೇಲಿರುವ ಎಲ್‌ಇಡಿಯನ್ನು ಮಿನುಗಿಸುವುದು. ಕಂಪ್ಯೂಟರ್ ಬೋರ್ಡನ್ನು ಗುರುತಿಸದಿದ್ದರೆ ಮೊದಲು ಯುಎಸ್‌ಬಿ ಕೇಬಲ್ ಬದಲಿಸಿ ನೋಡಿ, ಚಾರ್ಜ್ ಮಾಡಲಷ್ಟೇ ಬರುವ ಕೇಬಲ್‌ಗಳು ಬಹಳ ಇವೆ.

ಎರಡನೆಯದು ಸೆನ್ಸರ್. ಹೆಚ್ಚಿನ ತಂಡಗಳು ಎಡವುವುದು ಇಲ್ಲೇ, ಆದ್ದರಿಂದ ಒಂದು ಇಡೀ ತರಗತಿಯ ಅವಧಿಯನ್ನು ಇದಕ್ಕೇ ಮೀಸಲಿಡಿ. ಸೆನ್ಸರಿನ ಮೂರು ತಂತಿಗಳಲ್ಲಿ ಒಂದು 5 ವೋಲ್ಟಿಗೆ, ಒಂದು ಗ್ರೌಂಡಿಗೆ, ಒಂದು ಎ0 (A0) ಪಿನ್ನಿಗೆ. ಊನೊ ಆ ಪಿನ್ನಿನ ವೋಲ್ಟೇಜನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಓದುತ್ತದೆ. ಸೀರಿಯಲ್ ಮಾನಿಟರಿನಲ್ಲಿ (ಬೋರ್ಡ್ ಓದಿದ್ದನ್ನು ಕಂಪ್ಯೂಟರಿನಲ್ಲಿ ತೋರಿಸುವ ಕಿಟಕಿ) ಅಂಕಿ ಬಂತೆಂದು ಕುಣಿಯುವ ಮುನ್ನ ಕೇಬಲ್ ಬಿಚ್ಚಿ ಎ0 ತಂತಿಯನ್ನು ಕಿತ್ತು, ಕೇಬಲ್ ಮಾತ್ರ ಮತ್ತೆ ಸಿಕ್ಕಿಸಿ ನೋಡಿ. ಆಗಲೂ ಯಾವುದೋ ಅಂಕಿಗಳು ಬರುತ್ತಲೇ ಇರುತ್ತವೆ! ತಂತಿಯಿಲ್ಲದ ಪಿನ್ ಸುತ್ತಲಿನ ವಿದ್ಯುತ್ ಗದ್ದಲವನ್ನು ಓದುತ್ತಿರುತ್ತದೆ. ಅಂಕಿ ಬಂದ ಮಾತ್ರಕ್ಕೆ ಸೆನ್ಸರ್ ಸರಿಯಿದೆ ಎಂದಲ್ಲ. ಮಣ್ಣು ಒದ್ದೆಯಾದಂತೆ ಅಂಕಿ ಇಳಿಯಬೇಕು, ಒಣಗಿದಂತೆ ಏರಬೇಕು.

ಇಂಟರ್‌ನೆಟ್ಟಿನ ಪ್ರೋಗ್ರಾಂನಲ್ಲಿರುವ, ಪಂಪು ಶುರು ಮಾಡುವ ಅಂಕಿಯನ್ನು ನಕಲು ಮಾಡಬೇಡಿ, ಅದು ಬೇರೆ ಯಾರದೋ ಕುಂಡದ್ದು. ನೀರು ಬೇಡುವಷ್ಟು ಒಣಗಿದ ನಿಮ್ಮದೇ ಕುಂಡದಲ್ಲಿ ನಾಲ್ವರೂ ಒಬ್ಬೊಬ್ಬರಾಗಿ ಸೆನ್ಸರ್ ಚುಚ್ಚಿ ಅಂಕಿ ಬರೆದುಕೊಳ್ಳಿ. ನೀರು ಹಾಕಿ, ಇಂಗಿದ ಮೇಲೆ ಮತ್ತೆ ಬರೆಯಿರಿ. ನಾಲ್ವರ ಅಂಕಿ ಒಂದೇ ಇರುವುದಿಲ್ಲ. ಚುಚ್ಚಿದ ಆಳ, ಮಣ್ಣು ಒತ್ತಿಕೊಂಡ ಬಗೆ ಎರಡೂ ಬೇರೆಯಾಗಿರುತ್ತವೆ. ಜಗಳವಾಡಲಿ, ಮತ್ತೆ ಅಳೆಯಲಿ, ಎಷ್ಟು ಆಳ ಎಂದು ಸೆನ್ಸರಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆಯಲಿ. ತಯಾರಕರು ಹಾಕಿರುವ ಗೆರೆಗಿಂತ ಮೇಲಕ್ಕೆ ಮಾತ್ರ ಒದ್ದೆಯಾಗಬಾರದು.

ಒಣ ಮಣ್ಣಿಗೆ 560, ಒದ್ದೆ ಮಣ್ಣಿಗೆ 360 ಬಂತೆನ್ನಿ. 460 ದಾಟಿದರೆ ಪಂಪು ಶುರು, ಇಳಿದರೆ ಬಂದ್ ಎಂದು ಬರೆದರೆ ಅಂಕಿ 459 ಮತ್ತು 461ರ ನಡುವೆ ಹೊಯ್ದಾಡಿ ರಿಲೇ ಟಕಟಕ ಬಡಿದುಕೊಳ್ಳುತ್ತದೆ. ಎರಡು ಗಡಿ ಇಡಿ: 500 ದಾಟಿದರೆ ಶುರು, 420ಕ್ಕಿಂತ ಇಳಿದರೆ ನಿಲುಗಡೆ. ನೀರು ಸೆನ್ಸರಿಗೆ ತಲುಪಲು ಹೊತ್ತು ಬೇಕಾದ್ದರಿಂದ ಪಂಪನ್ನು ಎರಡು ಸೆಕೆಂಡ್ ಓಡಿಸಿ, ಒಂದು ನಿಮಿಷ ಕಾದು ಮತ್ತೆ ಓದಿಸಿ. ಇಲ್ಲದಿದ್ದರೆ ಕುಂಡ ತುಂಬಿ ಮೇಜೆಲ್ಲ ಕೆಸರಾಗುತ್ತದೆ.

ಮೂರನೆಯದು ರಿಲೇ. ಪಂಪನ್ನು ನೇರವಾಗಿ ಊನೊದ ಪಿನ್ನಿಗೆ ಸಿಕ್ಕಿಸಿ ಬೋರ್ಡ್ ಸುಡುವವರು ಈಗಲೂ ಇದ್ದಾರೆ. ಒಂದು ಪಿನ್ನಿನಿಂದ ಸುಮಾರು 20 ಮಿಲಿಆಂಪಿಯರಿಗಿಂತ ಹೆಚ್ಚು ಎಳೆಯಬಾರದು, ಪಂಪು ನೂರಕ್ಕೂ ಮಿಕ್ಕಿ ಕೇಳುತ್ತದೆ. ಸೆಲ್ ಡಬ್ಬಿಯ ಧನ ತಂತಿ ರಿಲೇಯ ‘ಕಾಮನ್’ ತಿರುಪಿಗೆ, ‘ನಾರ್ಮಲಿ ಓಪನ್’ (ರಿಲೇ ಚಾಲೂ ಆದಾಗ ಮಾತ್ರ ಕೂಡುವ) ತಿರುಪಿನಿಂದ ಪಂಪಿಗೆ, ಪಂಪಿನ ಇನ್ನೊಂದು ತಂತಿ ಸೆಲ್ಲಿನ ಋಣಕ್ಕೆ. ಪಂಪಿನ ಕರೆಂಟು ಊನೊದ ಮೂಲಕ ಹಾಯುವುದೇ ಇಲ್ಲ. ಹಲವು ರಿಲೇ ಮಾಡ್ಯೂಲುಗಳು ಊನೊದಿಂದ ಅವಕ್ಕೆ ಸಂಕೇತ ಕೊಡುವ ಪಿನ್ ‘ಲೋ’ (ಸೊನ್ನೆ ವೋಲ್ಟ್) ಆದಾಗ ಚಾಲೂ ಆಗುತ್ತವೆ. ಎಲ್ಲ ಉಲ್ಟಾ ನಡೆಯುತ್ತಿದ್ದರೆ ಪ್ರೋಗ್ರಾಂ ಅಳಿಸಲು ಹೋಗಬೇಡಿ, ‘ಹೈ’, ‘ಲೋ’ ಅದಲು ಬದಲು ಮಾಡಿ ನೋಡಿ. ರಿಲೇ ಮೇಲೆ 250 ವೋಲ್ಟ್ ಎಂದು ಬರೆದಿದೆಯೆಂದು ಮನೆಯ ವಿದ್ಯುತ್ತಿಗೆ ಜೋಡಿಸುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಪಂಪು ಸದಾ ನೀರಿನಲ್ಲಿ ಮುಳುಗಿರಲಿ, ಒಣಗಿ ಓಡಿದರೆ ಬೇಗ ಕೆಡುತ್ತದೆ.

ಪ್ರದರ್ಶನದ ಹಿಂದಿನ ದಿನ ಪಕ್ಕದ ತಂಡದವರನ್ನು ಕರೆಯಿರಿ. ನೀವು ಹೊರಗೆ ಹೋಗಿ, ಅವರು ಒಂದೇ ಒಂದು ತಂತಿ ಕಿತ್ತಿಡಲಿ. ನಾಲ್ವರಲ್ಲಿ ಚೀಟಿಯೆತ್ತಿ ಹೆಸರು ಬಂದವರು ಒಬ್ಬರೇ ಅದನ್ನು ಹುಡುಕಿ ಸರಿಪಡಿಸಬೇಕು. ತಂತಿ ಕೀಳುವಾಗಲೂ ಚುಚ್ಚುವಾಗಲೂ ಯುಎಸ್‌ಬಿ ಕೇಬಲ್ ಮತ್ತು ಸೆಲ್ ಎರಡನ್ನೂ ಬಿಚ್ಚಿರಬೇಕು.