ಡೆನ್ಮಾರ್ಕಿನ ಒಬ್ಬ ಯೋಧನ ಚಿತ್ರಕ್ಕೆ ಬೆಳಗಾವಿಯಲ್ಲಿ ವಂತಿಗೆ ಎತ್ತಿದ ಬಗೆ

‘ಅಲ್ರೀ ಅಕ್ಕಾರ, ಆ ಡೆನ್ಮಾರ್ಕಿನವ ಎಲ್ಲಿ, ನಮ್ಮ ಬೆಳಗಾವಿ ಎಲ್ಲಿ? ನಾ ಯಾಕ ರೊಕ್ಕಾ ಕೊಡಬೇಕು?’

ಶಹಾಪುರದಲ್ಲಿರುವ ನಮ್ಮ ಸ್ಟುಡಿಯೋ ಎದುರಿನ ಚಹಾದಂಗಡಿಯಲ್ಲಿ ಒಬ್ಬ ನಿವೃತ್ತ ಹವಾಲ್ದಾರರು ಹೀಗೆ ಕೇಳಿದರು. ಎರಡನೇ ಮಹಾಯುದ್ಧದ ಡೆನ್ಮಾರ್ಕಿನ ಯೋಧನೊಬ್ಬನ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ನಾನು ಆಗಷ್ಟೇ ಹಣ ಕೂಡಿಸಲು ಶುರು ಮಾಡಿದ್ದೆ. ಉತ್ತರ ಕೊಡಲು ಹತ್ತು ನಿಮಿಷ ತೆಗೆದುಕೊಂಡೆ. ಅಷ್ಟರಲ್ಲಿ ಅವರ ಚಹಾ ಮುಗಿದಿತ್ತು, ಬಸ್ಸೂ ಬಂತು. ಸಾಕ್ಷ್ಯಚಿತ್ರಕ್ಕೆ ಕ್ರೌಡ್‌ಫಂಡಿಂಗ್ (ಅಂದರೆ ಹಲವರಿಂದ ಸಣ್ಣ ಸಣ್ಣ ವಂತಿಗೆ ಎತ್ತುವುದು) ಮಾಡಬೇಕು ಅನ್ನುವವರು ಕ್ಯಾಮೆರಾ, ವೆಬ್‌ಸೈಟ್ ಎಲ್ಲಕ್ಕಿಂತ ಮೊದಲು ಈ ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಿ. ಒಂದು ಕಪ್ ಚಹಾ ಮುಗಿಯುವುದರೊಳಗೆ ಹೇಳಿ ಮುಗಿಸುವಂತಿರಬೇಕು.

ನನ್ನ ಉತ್ತರ ಈಗ ಹೀಗಿದೆ. 1945ರ ಏಪ್ರಿಲ್ 9. ಇಟಲಿ. ಕೊಮಾಕ್ಯೊ ಸರೋವರದ ದಡದಲ್ಲಿ ಆಂಡರ್ಸ್ ಲಾಸೆನ್ ಎಂಬ 24 ವರ್ಷದ ಡೆನ್ಮಾರ್ಕಿನ ಹುಡುಗ ಗುಂಡು ತಿಂದು ಸತ್ತ. ಬ್ರಿಟಿಷರ ದೋಣಿ ದಾಳಿಯ ಪಡೆ ಸ್ಪೆಷಲ್ ಬೋಟ್ ಸರ್ವಿಸ್‌ನಲ್ಲಿ ಅವನು ಮೇಜರ್. ಅದೇ ದಿನ, ಕೆಲವೇ ಹರದಾರಿ ದೂರದ ಸೆನಿಯೊ ನದಿಯಲ್ಲಿ ಮರಾಠಾ ಪಡೆಯ ಸಿಪಾಯಿ ನಾಮದೇವ ಜಾಧವ ಗಾಯಗೊಂಡ ಇಬ್ಬರನ್ನು ಒಬ್ಬರಾದ ಮೇಲೆ ಒಬ್ಬರಂತೆ ಹೊತ್ತು ಆಳದ ನೀರು ದಾಟಿಸಿದರು. ದಂಡೆಯಲ್ಲಿ ನೆಲಬಾಂಬು ಹೂತಿದ್ದ ಜಾಗ ದಾಟಿ ಅವರನ್ನು ಉಳಿಸಿದರು. ಆಮೇಲೆ ತಿರುಗಿ ಹೋಗಿ ಮೆಷಿನ್‌ಗನ್ ಠಾಣೆಗಳ ಬಾಯಿ ಮುಚ್ಚಿಸಿದರು. ಕೈಗೆ ಗುಂಡು ತಾಗಿ ಬಂದೂಕು ಬಿಸಾಡಬೇಕಾದಾಗ ಗ್ರೆನೇಡ್ ಹಿಡಿದರು. ಅದೇ ದಿನ, ಅದೇ ನದಿಯಲ್ಲಿ ಫ್ರಾಂಟಿಯರ್ ಫೋರ್ಸ್ ರೈಫಲ್ಸ್‌ನ ಸಿಪಾಯಿ ಅಲಿ ಹೈದರ್ ಕೂಡ ಹೀಗೇ ಹೋರಾಡಿದರು. ಮೂವರಿಗೂ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಜಾಧವರ ರೆಜಿಮೆಂಟಿನ ಕೇಂದ್ರ ಇರುವುದು ನಮ್ಮ ಬೆಳಗಾವಿಯ ಕ್ಯಾಂಪಿನಲ್ಲಿ, ಅಂದರೆ ದಂಡಿನ ಪ್ರದೇಶದಲ್ಲಿ. ಅದೇ ರೆಜಿಮೆಂಟಿನಲ್ಲಿ ನಮ್ಮಜ್ಜ ಲಂಗರಿ, ಅಂದರೆ ಅಡುಗೆಯವರಾಗಿದ್ದರು.

ಇಷ್ಟು ಹೇಳಿದರೆ ಸಾಕು, ಜನ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ದೂರದ ನಾಯಕನ ಕಥೆಗೆ ನಮ್ಮೂರಿನ ಒಂದು ಎಳೆ ಬೇಕು. ಆದರೆ ಅದು ನಿಜವಾದ ಎಳೆಯಾಗಿರಬೇಕು. ಅಜ್ಜ ಲಾಸೆನ್‌ನನ್ನು ನೋಡಿದ್ದರು ಅಂತ ಒಂದು ಸಾಲು ಸೇರಿಸು, ಹಣ ಜಾಸ್ತಿ ಬರುತ್ತೆ ಅಂದವರಿದ್ದರು. ನೋಡಿರಲಿಲ್ಲ, ಸೇರಿಸಲಿಲ್ಲ.

ಹಣ ಕೇಳುವ ಮೊದಲು ಸಂಗತಿಗಳನ್ನು ಕಾಗದದಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಿ. ಇದಕ್ಕೆ ಖರ್ಚಿಲ್ಲ. ಪದಕ ಕೊಟ್ಟ ಕಾರಣ ಬ್ರಿಟಿಷ್ ಸರ್ಕಾರದ ರಾಜ್ಯಪತ್ರ ‘ಲಂಡನ್ ಗೆಜೆಟ್’ನಲ್ಲಿ ಅಚ್ಚಾಗಿದೆ, ಅದನ್ನು ಆನ್‌ಲೈನಿನಲ್ಲಿ ಪುಕ್ಕಟೆ ಓದಬಹುದು. ಸಮಾಧಿ ಎಲ್ಲಿದೆ ಅನ್ನುವುದನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು. ಲಾಸೆನ್ ಮಲಗಿರುವುದು ಅರ್ಜೆಂಟಾ ಗ್ಯಾಪ್ ಸ್ಮಶಾನದಲ್ಲಿ. ಗೆಜೆಟ್ ಓದುತ್ತ ಒಂದು ವಿಷಯಕ್ಕೆ ಬಂದು ನಿಂತುಬಿಟ್ಟೆ. ಆ ರಾತ್ರಿ ಅವನ ಜೊತೆ ಇದ್ದದ್ದು ಒಬ್ಬ ಅಧಿಕಾರಿ ಮತ್ತು ಹದಿನೇಳು ಜನ. ದೊಡ್ಡ ಪಡೆಯೇ ಬಂದಿಳಿದಿದೆ ಅಂತ ಜರ್ಮನ್ನರು ನಂಬಬೇಕು, ಅದೇ ಅವರಿಗೆ ಕೊಟ್ಟಿದ್ದ ಕೆಲಸ. ಕಾವಲಿನವರು ತಡೆದಾಗ ‘ನಾವು ಮೀನುಗಾರರು, ಮನೆಗೆ ಹೋಗುತ್ತಿದ್ದೇವೆ’ ಅಂದರಂತೆ. ಕೊನೆಯ ಠಾಣೆಯಿಂದ ಶರಣಾಗುತ್ತೇವೆ ಎಂಬ ಕೂಗು ಬಂತು. ನಂಬಿ ಹತ್ತಿರ ಹೋದ ಲಾಸೆನ್‌ಗೆ ಗುಂಡು ಹಾರಿಸಿದರು. ನನ್ನನ್ನು ಹೊತ್ತರೆ ನೀವೂ ತಡವಾಗಿ ಸಿಕ್ಕಿಬೀಳುತ್ತೀರಿ ಅಂತ ತನ್ನವರಿಗೆ ಹೊತ್ತೊಯ್ಯಲು ಬಿಡಲಿಲ್ಲ. ಜರ್ಮನ್ನರು ಡೆನ್ಮಾರ್ಕಿಗೆ ನುಗ್ಗಿದ್ದು 1940ರ ಏಪ್ರಿಲ್ 9ಕ್ಕೆ. ಸರಿಯಾಗಿ ಐದು ವರ್ಷಕ್ಕೆ ಇವನು ಹೋದ. ಎರಡನೇ ಮಹಾಯುದ್ಧದಲ್ಲಿ ಕಾಮನ್‌ವೆಲ್ತಿನ ಹೊರಗಿನವನೊಬ್ಬನಿಗೆ ವಿಕ್ಟೋರಿಯಾ ಕ್ರಾಸ್ ಬಂದದ್ದು ಇವನಿಗೆ ಮಾತ್ರ.

ಇನ್ನು ಟ್ರೇಲರ್. ನಾನು ಹದಿನಾಲ್ಕು ವರ್ಷದಿಂದ ಮದುವೆ ವಿಡಿಯೋ ಮಾಡುತ್ತಿದ್ದೇನೆ, ಎಡಿಟಿಂಗ್ ಗೊತ್ತು. ಆದರೂ ಮೊದಲ ಟ್ರೇಲರ್ ಯಾರಿಗೂ ತಾಗಲಿಲ್ಲ. ಆರು ನಿಮಿಷ ಇತ್ತು. ನಕ್ಷೆ, ಬಾಣದ ಗುರುತು, ದಪ್ಪ ದನಿಯ ವಿವರಣೆ. ಜನ ಒಂದು ನಿಮಿಷಕ್ಕೇ ಮೊಬೈಲ್ ಕೆಳಗಿಡುತ್ತಿದ್ದರು. ಎರಡನೆಯದನ್ನು ಅವ್ವನ ಕೈಯಿಂದ ಶುರು ಮಾಡಿದೆ. ಬೈಲಹೊಂಗಲ ಕಡೆಯ ನಮ್ಮ ಹಳೇ ಮನೆ, ಪಡಸಾಲೆಯ ಕಿಟಕಿಯ ಬೆಳಕು. ಅವ್ವ ಅಜ್ಜನ ಟ್ರಂಕು ತೆಗೆಯುತ್ತಾಳೆ. ಕೊಂಡಿ ತುಕ್ಕು ಹಿಡಿದು ಕಿರ್ ಅನ್ನುತ್ತದೆ. ಒಳಗೆ ಬೇವಿನ ಸೊಪ್ಪಿನ ಪುಡಿ, ಮಡಚಿದ ಕಂಬಳಿ, ಅದರ ಕೆಳಗೆ ಬಟ್ಟೆಯ ಗಂಟು. ಗಂಟಿನಲ್ಲಿ ಆರು ಮೂಲೆಯ ಕಂಚಿನ ನಕ್ಷತ್ರ, ಇಟಲಿ ಯುದ್ಧದಲ್ಲಿ ಸೇವೆ ಮಾಡಿದವರಿಗೆ ಕೊಟ್ಟ ಇಟಲಿ ಸ್ಟಾರ್ ಪದಕ. ರಿಬ್ಬನ್ ಕೆಂಪು, ಬಿಳಿ, ಹಸಿರು, ಮತ್ತೆ ಬಿಳಿ, ಕೆಂಪು. ಅವ್ವ ಅದನ್ನು ಸೆರಗಿನಿಂದ ಒರೆಸಿ, ‘ಇಟಲಿ ಅಂದ್ರ ಬರೇ ಕೆಸರು ಅಂತಿದ್ರು ಮಾವಾರು’ ಅನ್ನುತ್ತಾಳೆ. ಆಮೇಲೆ ನಾನು ಕ್ಯಾಮೆರಾ ಮುಂದೆ ಕೂತು ಮೇಲಿನ ಉತ್ತರ ಹೇಳುತ್ತೇನೆ. ಎಷ್ಟು ಹಣ ಬೇಕು, ಯಾವತ್ತಿನೊಳಗೆ ಬೇಕು ಅಂತಲೂ ಹೇಳುತ್ತೇನೆ. ಒಟ್ಟು ಎರಡು ನಿಮಿಷ. ನಿಮ್ಮ ಮುಖ ತೋರಿಸಿ, ಹಣ ಕೇಳುವವರ ಕಣ್ಣು ಕಾಣಬೇಕು.

ಬಜೆಟ್ಟನ್ನು ಮುಚ್ಚಿಡಬೇಡಿ. ನಾನು ಇಟ್ಟ ಗುರಿ 6,50,000 ರೂಪಾಯಿ. ಇಬ್ಬರು ಇಟಲಿಗೆ ಹೋಗಿ ಒಂಬತ್ತು ದಿನ ಇದ್ದು ಬರಲು 3,20,000. ಹಳೆಯ ಯುದ್ಧದ ದೃಶ್ಯಗಳ ಪರವಾನಗಿಗೆ 1,10,000. ಡೇನಿಷ್ ಮತ್ತು ಇಟಾಲಿಯನ್ ಅನುವಾದಕ್ಕೆ 35,000. ಧ್ವನಿ, ಸಂಗೀತಕ್ಕೆ 60,000. ಕನ್ನಡ, ಮರಾಠಿ, ಇಂಗ್ಲಿಷ್ ಸಬ್‌ಟೈಟಲ್‌ಗೆ 25,000. ವಂತಿಗೆ ಎತ್ತುವ ವೆಬ್‌ಸೈಟಿನ, ಅಂದರೆ ವೇದಿಕೆಯ ಕಮಿಷನ್ ಮತ್ತು ದಾನಿಗಳಿಗೆ ಕಳಿಸುವ ವಸ್ತುಗಳಿಗೆ 40,000. ಆಕಸ್ಮಿಕ ಖರ್ಚಿಗೆ 60,000. ಇದನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಹೋದಲ್ಲೆಲ್ಲ ಕೊಟ್ಟೆ. ಹಳೆಯ ದೃಶ್ಯಗಳ ದರ ಕೇಳುವಾಗ ಹುಷಾರಾಗಿರಿ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್‌ನಂಥ ಸಂಗ್ರಹಗಳಲ್ಲಿ ಚಿತ್ರವನ್ನು ಎಲ್ಲಿ ತೋರಿಸುತ್ತೀರಿ, ಎಷ್ಟು ವರ್ಷ, ಎಷ್ಟು ದೃಶ್ಯ ಬಳಸುತ್ತೀರಿ ಅನ್ನುವುದರ ಮೇಲೆ ದರ ಬದಲಾಗುತ್ತದೆ. ಮೊದಲು ಕರಡು ಎಡಿಟ್ ಮಾಡಿ, ಎಷ್ಟು ಸೆಕೆಂಡ್ ಬೇಕು ಅಂತ ಎಣಿಸಿ, ಆಮೇಲೆ ಪತ್ರ ಬರೆಯಿರಿ.

ಕಾನೂನಿನ ಮಾತು ಬೇಸರದ್ದು, ಆದರೆ ಬಿಡುವ ಹಾಗಿಲ್ಲ. ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ ಸುಮ್ನೆ ಬಂದ ಹಣ 50,000 ರೂಪಾಯಿ ದಾಟಿದರೆ ಪೂರ್ತಿ ಮೊತ್ತಕ್ಕೆ ಆದಾಯ ತೆರಿಗೆಯ ಲೆಕ್ಕ ಬರುತ್ತದೆ. ಹಣ ಬರುವ ಮೊದಲೇ ಸಿಎ ಹತ್ತಿರ ಹೋಗಿ, ಬಂದ ಮೇಲೆ ಅಲ್ಲ. ವಿದೇಶಿ ಪೌರರ ದೇಣಿಗೆಗೆ ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಇದೆ, ನೋಂದಣಿ ಅಥವಾ ಅನುಮತಿ ಇಲ್ಲದೆ ಕೈಹಾಕಬೇಡಿ. ಡೆನ್ಮಾರ್ಕಿನ ಹಿತೈಷಿಗಳು ಹಣ ಕಳಿಸುತ್ತೇವೆ ಅಂದಾಗ ನಾನು ಬೇಡ ಅಂದೆ. ಹಳೆ ಪತ್ರಿಕೆಯ ತುಣುಕು ಓದಿ ಹೇಳಿ ಅಂತ ಕೇಳಿದೆ, ಪ್ರೀತಿಯಿಂದ ಮಾಡಿಕೊಟ್ಟರು. ದುಬೈಯಲ್ಲಿರುವ ನಮ್ಮವರು ಭಾರತದ ಪೌರರೇ ಆಗಿದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಲಾಭದಲ್ಲಿ ಪಾಲು ಕೊಡುತ್ತೇವೆ ಅಂತ ಯಾರಿಗೂ ಹೇಳಬೇಡಿ, ಅದು ಷೇರು ಪೇಟೆ, ಹೂಡಿಕೆ ನೋಡಿಕೊಳ್ಳುವ ಸೆಬಿಯ ನಿಯಮದ ದಾರಿಗೆ ಹೋಗುತ್ತದೆ.

ಹಣಕ್ಕೆ ಬೇರೆಯೇ ಬ್ಯಾಂಕ್ ಖಾತೆ ತೆಗೆಯಿರಿ. ಮೊದಲ ವಾರ ನಾನು ತೆಗೆದಿರಲಿಲ್ಲ. ಮದುವೆಯ ಅಡ್ವಾನ್ಸ್, ಚಿತ್ರದ ವಂತಿಗೆ ಎಲ್ಲ ಒಂದೇ ಖಾತೆಗೆ ಬಂತು. ಹಿರಿಯರೊಬ್ಬರು ಫೋನ್ ಮಾಡಿ ‘ನಮ್ಮ ಎರಡು ಸಾವಿರ ಮುಟ್ಟಿತೇನವಾ?’ ಅಂತ ಕೇಳಿದರು. ನಾನು ಥಟ್ ಅಂತ ಹೌದು ಅನ್ನಲಾಗಲಿಲ್ಲ. ಅವರು ಏನೂ ಅನ್ನಲಿಲ್ಲ, ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನವೇ ಖಾತೆ ತೆಗೆಸಿದೆ, ನಂಬರ್ ಹಾಕಿದ ಪಾವತಿ ಪುಸ್ತಕ ಮಾಡಿಸಿದೆ. ಐವತ್ತು ರೂಪಾಯಿ ಕೊಟ್ಟವರಿಗೂ ಪಾವತಿ ಹರಿದು ಕೊಟ್ಟೆವು.

ವೇದಿಕೆಯ ವಿಷಯ. ಕಿಕ್‌ಸ್ಟಾರ್ಟರ್‌ನಲ್ಲಿ ಭಾರತದಲ್ಲಿರುವವರು ಯೋಜನೆ ಹಾಕಲು ಆಗುವುದಿಲ್ಲ. ಮಿಲಾಪ್, ಕೆಟ್ಟೊಗಳಲ್ಲಿ ಜಾಸ್ತಿ ಕಾಣುವುದು ಆಸ್ಪತ್ರೆ ಖರ್ಚಿನ ಮನವಿಗಳು. ಯಾವುದನ್ನೇ ಆರಿಸಿ, ಎರಡು ಮಾತು ಕೇಳಿಕೊಳ್ಳಿ: ಕಮಿಷನ್ ಎಷ್ಟು, ಗುರಿ ಮುಟ್ಟದಿದ್ದರೆ ಹಣ ವಾಪಸ್ ಹೋಗುತ್ತದೋ ನಿಮಗೇ ಬರುತ್ತದೋ. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದದ್ದು ಯುಪಿಐ ಮತ್ತು ಕೈ ಹಣವಾಗಿ. 1976ರಲ್ಲಿ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ‘ಮಂಥನ್’ ಸಿನಿಮಾ ಮಾಡಿಸಿದರು. ಹಾಲಿನ ಡೈರಿಯಲ್ಲಿ ಮಾತಾಡುವಾಗ ನಾನು ಇದನ್ನು ತಪ್ಪದೇ ಹೇಳುತ್ತಿದ್ದೆ. ಎರಡು ರೂಪಾಯಿಗೂ ಬೆಲೆ ಇದೆ ಅಂತ ಕೇಳಿದರೆ ಐವತ್ತು ಕೊಡುವವರಿಗೆ ಸಂಕೋಚ ಹೋಗುತ್ತದೆ.

ದಿನ ಗೊತ್ತು ಮಾಡುವಾಗ ಊರಿನ ಜೇಬು ನೋಡಿ. ನಮ್ಮ ಕಡೆ ಕಬ್ಬಿನ ಬಿಲ್ ಬರುವ ಮೊದಲು ರೈತರ ಮನೆಗೆ ಹೋಗಿ ಕೇಳುವುದು ಸರಿಯಲ್ಲ. ನಾನು ಮಾರ್ಚ್ 1ಕ್ಕೆ ಶುರು ಮಾಡಿ ಏಪ್ರಿಲ್ 9ಕ್ಕೆ ಮುಗಿಸಿದೆ, ನಲವತ್ತು ದಿನ. ಕೊನೆಯ ದಿನವೇ ಕಥೆಯ ದಿನ ಆದ್ದರಿಂದ ಜನಕ್ಕೆ ನೆನಪಿಡುವುದು ಸುಲಭವಾಯಿತು. ಶುರುವಿಗೆ ಮೊದಲೇ ಪರಿಚಯದವರಿಂದ ಎರಡು ಲಕ್ಷದ ಮಾತು ತೆಗೆದುಕೊಂಡಿದ್ದೆ. ಮೊದಲ ವಾರವೇ ಅದು ಬಂತು. ಖಾಲಿ ಹುಂಡಿಗೆ ಮೊದಲ ಕಾಸು ಹಾಕಲು ಯಾರಿಗೂ ಮನಸ್ಸಾಗದು, ಅಲ್ವಾ? ನಡುವೆ ಹನ್ನೆರಡು ದಿನದಲ್ಲಿ ಬಂದದ್ದು ಬರೀ 31,000. ಎದೆಗುಂದಬೇಡಿ, ನಡುವೆ ಹೀಗೇ ಆಗುತ್ತದೆ. ಆ ದಿನಗಳಲ್ಲಿ ಮಾಜಿ ಸೈನಿಕರ ಮನೆಗಳಿಗೆ ಹೋಗಿ ಕೂತೆ, ಹಣ ಕೇಳಲಿಲ್ಲ. ಅವರ ಮನೆಯ ಫೋಟೋ, ಪದಕ ನೋಡಿದೆ. ಒಪ್ಪಿಗೆ ಕೊಟ್ಟವರದ್ದನ್ನು ದಿನಕ್ಕೊಂದರಂತೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಕೊನೆಯ ಐದು ದಿನದಲ್ಲಿ 1,90,000 ಬಂತು.

ಕ್ಯಾಂಪ್ ಪ್ರದೇಶದಲ್ಲಿ ಚಿತ್ರೀಕರಣ ಬೇಕಿದ್ದರೆ ಲಿಖಿತ ಅನುಮತಿ ಕೇಳಿ, ಸಿಗುವ ಮೊದಲು ಕ್ಯಾಮೆರಾ ತೆಗೆಯಲೇಬೇಡಿ. ಅನುಮತಿ ಸಿಕ್ಕೇ ಸಿಗುತ್ತದೆ ಅಂತ ದಾನಿಗಳಿಗೆ ಮಾತೂ ಕೊಡಬೇಡಿ.

ಕೊಟ್ಟವರಿಗೆ ಏನು ಕೊಡಬೇಕು? ನೂರು ರೂಪಾಯಿಗೂ ಚಿತ್ರದ ಕೊನೆಯಲ್ಲಿ ಹೆಸರು, ಕನ್ನಡದಲ್ಲಿ. ಐನೂರಕ್ಕೆ ಇಟಲಿಯಿಂದ ಕೈಯಲ್ಲಿ ಬರೆದ ಕಾರ್ಡು. ಎರಡು ಸಾವಿರಕ್ಕೆ ಮೊದಲ ಪ್ರದರ್ಶನಕ್ಕೆ ಕರೆ, ಜೊತೆಗೆ ಸಿಹಿ. ಬೆಳಗಾವಿ ಕುಂದಾ ಕಳಿಸಬೇಕು ಅಂತ ಆಸೆ ಇತ್ತು, ಆದರೆ ಅಂಚೆಯಲ್ಲಿ ದಿನ ತಡೆಯುವುದಿಲ್ಲ. ದೂರದವರಿಗೆ ಗೋಕಾಕದ ಕರದಂಟು ಕಳಿಸಿದೆವು, ಊರಿನವರಿಗೆ ಕುಂದಾ. ನೆನಪಿಡಿ, ಮಾತು ಕೊಟ್ಟ ಪ್ರತಿ ಕಾರ್ಡನ್ನೂ ನೀವೇ ಬರೆಯಬೇಕು. ಇಟಲಿಯ ರವೆನ್ನಾದ ಲಾಡ್ಜಿನಲ್ಲಿ ಎರಡು ರಾತ್ರಿ ನಾನು ಮತ್ತು ತಮ್ಮ ಅದನ್ನೇ ಮಾಡಿದೆವು. ಬೈಲಹೊಂಗಲದ ವಿಳಾಸಗಳನ್ನು ಅಲ್ಲಿ ಕೂತು ಬರೆಯುವಾಗ ಏನೋ ಒಂಥರಾ ಸಂತೋಷ.

ಒಟ್ಟು ಬಂದದ್ದು 6,62,300. ಖರ್ಚಾದದ್ದು 6,43,700. ಬಿಲ್ಲುಗಳ ಫೋಟೋ ಸಮೇತ ಲೆಕ್ಕವನ್ನು ಎಲ್ಲರಿಗೂ ಕಳಿಸಿದೆ. ಉಳಿದ 18,600 ರೂಪಾಯಿ ಏನು ಮಾಡಲಿ ಅಂತ ಕೊಟ್ಟವರನ್ನೇ ಕೇಳಿದೆ. ಜಾಸ್ತಿ ಜನ ಹಳ್ಳಿ ಶಾಲೆಗಳಲ್ಲಿ ತೋರಿಸಿ ಅಂದರು. ಪರದೆ, ಪ್ರೊಜೆಕ್ಟರ್ ಬಾಡಿಗೆಗೆ ತಂದು ಬೈಲಹೊಂಗಲ, ಖಾನಾಪುರ, ರಾಮದುರ್ಗ ತಾಲೂಕಿನ ಮೂರು ಶಾಲೆಗಳಲ್ಲಿ ತೋರಿಸಿದೆವು. ಖಾನಾಪುರದ ಕಡೆ ಆ ದಿನ ಜೋರು ಮಳೆ, ಕರೆಂಟ್ ಹೋಯಿತು. ಮಕ್ಕಳು ಎದ್ದು ಹೋಗಲಿಲ್ಲ. ಕತ್ತಲಲ್ಲೇ ಕೂತು, ಆ ಮೀನುಗಾರ ಅಂತ ಹೇಳಿದವನು ಮುಂದೇನಾದ ಅಂತ ಕೇಳುತ್ತಿದ್ದರು.