ಜುಲೈ ಮಳೆಗೆ ಲೆಕ್ಕ ಹಾಕಿದ ಇನ್ವರ್ಟರ್

ಕೊಡಗಿನಲ್ಲಿ ಸೋಲಾರ್ ಇನ್ವರ್ಟರಿನ ಲೆಕ್ಕವನ್ನು ಜನವರಿ ಬಿಸಿಲಿಗೆ ಹಾಕಬಾರದು, ಜುಲೈ ಮಳೆಗೆ ಹಾಕಬೇಕು. ತಂತಿ ಮೇಲೆ ಸಿಲ್ವರ್ ಓಕ್ ಬಿದ್ದು ಕರೆಂಟ್ ಹೋಗುವುದೂ ಆಗಲೇ, ಪ್ಯಾನೆಲ್ ಮಂಕಾಗುವುದೂ ಆಗಲೇ. ಬರೀ ಗ್ರಿಡ್‌ಗೆ ಸೇರಿಸಿದ ಇನ್ವರ್ಟರ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ಲ. ಹಾಗಾಗಿ ನಾನು ಹಾಕಿದ್ದು ಕರೆಂಟ್ ಇಲ್ಲದಾಗ ಬ್ಯಾಟರಿಯಿಂದಲೂ ನಡೆಯುವ 3 ಕಿಲೋವ್ಯಾಟ್ ಹೈಬ್ರಿಡ್ ಇನ್ವರ್ಟರ್, 51.2 ವೋಲ್ಟ್, 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ.

ಬ್ಯಾಟರಿಯಲ್ಲಿರುವುದು 5.12 ಯೂನಿಟ್, ಬಳಸುವುದು ಶೇ 80, ಅಂದರೆ 4.1. ಫ್ರಿಜ್ಜು, ಬಲ್ಬು, ವೈಫೈ ಸೇರಿ ದಿನಕ್ಕೆ 2 ಯೂನಿಟ್. ಎರಡು ದಿನ ಬರುತ್ತದೆ ಅನ್ನಿಸುತ್ತದೆ, ಬರುವುದಿಲ್ಲ. ಇನ್ವರ್ಟರ್ ಸುಮ್ಮನೆ ಕೂತಿದ್ದರೂ 50 ವ್ಯಾಟ್ ತಿನ್ನುತ್ತದೆ, ದಿನಕ್ಕೆ 1.2 ಯೂನಿಟ್. ಪರಿವರ್ತನೆಯಲ್ಲಿ ಹೋಗುವ ಶೇ 10 ಬೇರೆ. ಮೋಡದಲ್ಲಿ ಪ್ಯಾನೆಲ್ ಕೈಕೊಟ್ಟರೆ ಒಂದು ದಿನ ದಾಟುವುದೇ ಹೆಚ್ಚು. ಕೊಳ್ಳುವಾಗ ಎಲ್ಲರೂ ಕಿಲೋವ್ಯಾಟ್ ಕೇಳುತ್ತಾರೆ, ಈ ಖಾಲಿ ಖರ್ಚನ್ನು ಯಾರೂ ಕೇಳುವುದಿಲ್ಲ. ಅಂಥ ದಿನ ರಾತ್ರಿ ಹತ್ತಕ್ಕೆ ಇನ್ವರ್ಟರನ್ನೇ ಆಫ್ ಮಾಡುತ್ತೇನೆ. ಬಾಗಿಲು ತೆಗೆಯದಿದ್ದರೆ ಇಲ್ಲಿನ ಚಳಿಗೆ ಫ್ರಿಜ್ಜಿನ ಹಾಲು ಬೆಳಗಿನವರೆಗೆ ಕೆಡುವುದಿಲ್ಲ.

ನಮ್ಮ ಇನ್ವರ್ಟರ್ ಪೆಟ್ಟಿಗೆಯೊಳಗೆ ಬ್ಯಾಟರಿಯ 51 ವೋಲ್ಟ್ ಮೊದಲು ಸುಮಾರು 400 ವೋಲ್ಟ್ ಡಿಸಿಗೆ ಏರುತ್ತದೆ. ಆಮೇಲೆ ನಾಲ್ಕು ಎಲೆಕ್ಟ್ರಾನಿಕ್ ಸ್ವಿಚ್‌ಗಳು ಅದನ್ನು ಸೆಕೆಂಡಿಗೆ ಸಾವಿರಾರು ಸಲ ತುಂಡರಿಸುತ್ತವೆ. ಕಾಯಿಲ್, ಕೆಪ್ಯಾಸಿಟರ್ ಸೇರಿ ಅದನ್ನು 230 ವೋಲ್ಟ್, 50 ಹರ್ಟ್ಸ್ ಅಲೆಯಾಗಿ ನಯಮಾಡುತ್ತವೆ. ಬ್ಯಾಟರಿ ಕಡೆ ವೋಲ್ಟ್ ಕಡಿಮೆ, ಆದ್ದರಿಂದ ಆಂಪಿಯರ್ ಜಾಸ್ತಿ: ಪೂರ್ತಿ ಲೋಡಿಗೆ 65. ಕೇಬಲ್ ತುದಿಗೆ ಒತ್ತಿ ಕೂರಿಸುವ ಲೋಹದ ಲಗ್ ಸರಿಯಾಗಿ ಒತ್ತದೆ 0.01 ಓಮ್ ಉಳಿದರೂ ಅಲ್ಲಿ 40 ವ್ಯಾಟ್ ಶಾಖ! ಬ್ಯಾಟರಿ ಅರ್ಧ ತುಂಬಿದ್ದರೂ ಫ್ರಿಜ್ಜು ಸ್ಟಾರ್ಟ್ ಆಗುವಾಗ 'ಲೋ ಬ್ಯಾಟರಿ' ಅಂತ ಕೂಗಿದರೆ ಮೊದಲು ಲಗ್ ಮುಟ್ಟಿ ನೋಡಬೇಡಿ; ಲೋಡ್ ಕೊಟ್ಟು, ಮೀಟರ್ ಹಿಡಿದು ಬ್ಯಾಟರಿ ತುದಿಯ ವೋಲ್ಟನ್ನೂ ಇನ್ವರ್ಟರ್ ತುದಿಯದನ್ನೂ ಹೋಲಿಸಿ. ನಡುವೆ ವೋಲ್ಟ್ ಬಿದ್ದಿದ್ದರೆ ದೋಷ ಆ ಜೋಡಣೆಯಲ್ಲಿ. ನಾನು ಬಳಸಿದ್ದು 25 ಚದರ ಮಿ.ಮೀ. ತಾಮ್ರದ ಕೇಬಲ್, ಬ್ಯಾಟರಿಯ ಪಕ್ಕದಲ್ಲೇ ಡಿಸಿ ಫ್ಯೂಸ್.

ಬಾವಿಯ ಒಂದು ಎಚ್‌ಪಿ ಮೋಟಾರನ್ನು ಇದಕ್ಕೆ ಕೊಟ್ಟಿಲ್ಲ. ಸ್ಟಾರ್ಟ್ ಆಗುವಾಗ ಅದು ನಾಲ್ಕೈದು ಪಟ್ಟು ಕರೆಂಟ್ ಎಳೆದು ಇನ್ವರ್ಟರನ್ನು ಟ್ರಿಪ್ ಮಾಡುತ್ತದೆ. ಇನ್ವರ್ಟರಿನಿಂದ ನಡೆಯುವ ಬ್ಯಾಕಪ್ ಬೋರ್ಡಿನ ನ್ಯೂಟ್ರಲ್ ಕೂಡ ಬೇರೆಯೇ. ಮೇನ್ ನ್ಯೂಟ್ರಲ್ ಜೊತೆ ಬೆರೆತರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಕಾರಣವಿಲ್ಲದಂತೆ ಬೀಳುತ್ತಿರುತ್ತದೆ.

ಜೂನ್ ಬಂದಾಗ ಸೆಟ್ಟಿಂಗ್ ಬದಲಿಸುತ್ತೇನೆ: ಲೈನ್ ಇರುವಷ್ಟು ಹೊತ್ತು ಮನೆ ಲೈನ್ ಮೇಲೆ, ಬ್ಯಾಟರಿ ಪೂರ್ತಿ ತುಂಬಿಯೇ ಇರಬೇಕು. ಅಕ್ಟೋಬರ್ ಬಿಸಿಲಿಗೆ ಮತ್ತೆ ಸೋಲಾರ್ ಮೊದಲು, ಬ್ಯಾಟರಿ ಆಮೇಲೆ, ಲೈನ್ ಕೊನೆಗೆ.